ರೋಗಶಾಸ್ತ್ರಜ್ಞರ ಕಣ್ಣು ಪಳಗಿಸಿದ ಬಗೆ

ರೋಗಶಾಸ್ತ್ರದ ಮೊದಲ ಪಾಠಶಾಲೆ ಶವಾಗಾರ. ಇಟಲಿಯ ಪಡುವಾದಲ್ಲಿ ಪ್ರಾಧ್ಯಾಪಕರಾಗಿದ್ದ ಮೊರ್ಗಾನಿ, ರೋಗಿ ಬದುಕಿದ್ದಾಗ ಕಂಡ ಲಕ್ಷಣಗಳನ್ನು ಸತ್ತ ಮೇಲೆ ಅಂಗಗಳಲ್ಲಿ ಕಂಡ ಹಾನಿಯೊಂದಿಗೆ ತಾಳೆ ಹಾಕಿ 1761ರಲ್ಲಿ ಗ್ರಂಥ ಪ್ರಕಟಿಸಿದರು. ಮುಂದಿನ ಶತಮಾನದಲ್ಲಿ ವಿಯೆನ್ನಾದ ರೋಕಿಟಾನ್‌ಸ್ಕಿ ಶವಪರೀಕ್ಷೆಯನ್ನು ಆಸ್ಪತ್ರೆಯ ನಿತ್ಯದ ಕೆಲಸವಾಗಿಸಿದರು. ಶಿಷ್ಯರು ಮೇಜಿನ ಸುತ್ತ ನಿಂತು ಕಲಿತರು.

ಸೂಕ್ಷ್ಮದರ್ಶಕ ಬಂದಾಗ ಹೊಸ ತೊಡಕು ಎದುರಾಯಿತು. ಮಸೂರದೊಳಗೆ ಇಣುಕಲು ಒಬ್ಬರಿಗಷ್ಟೇ ಜಾಗ. ಗುರು ತೋರಿಸಿದ ಜೀವಕೋಶವನ್ನೇ ಶಿಷ್ಯ ನೋಡಿದನೆಂಬ ಖಾತರಿಯಿಲ್ಲ. 1858ರಲ್ಲಿ ರೋಗದ ನೆಲೆ ಜೀವಕೋಶವೆಂದು ಸಾರಿದ ರುಡಾಲ್ಫ್ ವಿರ್ಕೋ ಬರ್ಲಿನ್ನಿನ ತರಗತಿಯಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಮೇಜುಗಳ ಉದ್ದಕ್ಕೂ ಪುಟ್ಟ ಹಳಿ ಹಾಕಿಸಿ, ಸ್ಲೈಡ್ ಇಟ್ಟ ಸೂಕ್ಷ್ಮದರ್ಶಕಗಳನ್ನು ಅದರ ಮೇಲೆ ಒಬ್ಬರಿಂದ ಒಬ್ಬರಿಗೆ ಸಾಗಿಸುತ್ತಿದ್ದರು. ನೋಡಿದವರಿಗೆ ಮಕ್ಕಳಾಟ ಅನ್ನಿಸೀತು, ಆದರೆ ಇಡೀ ತರಗತಿಗೆ ಒಂದೇ ದೃಶ್ಯ ಕಾಣಿಸುವ ದಾರಿ ಅದಾಗಿತ್ತು. ಐವರು ಒಟ್ಟಿಗೆ ನೋಡಬಲ್ಲ ಇಂದಿನ ಪೆಂಟಾ ಹೆಡ್ ಸೂಕ್ಷ್ಮದರ್ಶಕದ ಕೆಲಸವೂ ಅದೇ.

1905ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಲೂಯಿ ವಿಲ್ಸನ್ ಅಂಗಾಂಶವನ್ನು ಹೆಪ್ಪುಗಟ್ಟಿಸಿ ನಿಮಿಷಗಳಲ್ಲೇ ಪರೀಕ್ಷಿಸುವ ಕ್ರಮ ತಂದರು. ರೋಗಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವಾಗಲೇ ತೀರ್ಪು ಕೊಡುವ ಧೈರ್ಯವೂ ತರಬೇತಿಯ ಭಾಗವಾಯಿತು.

ಇತ್ತ ಶವಪರೀಕ್ಷೆ ಕ್ಷೀಣಿಸಿತು. ಆಸ್ಪತ್ರೆಗಳು ಇಂತಿಷ್ಟು ಶವಪರೀಕ್ಷೆ ನಡೆಸಲೇಬೇಕೆಂಬ ನಿಯಮವನ್ನು ಅಮೆರಿಕದ ಮಾನ್ಯತಾ ಸಂಸ್ಥೆ 1971ರ ಸುಮಾರಿಗೆ ಕೈಬಿಟ್ಟಿತು. ಭಾರತದಲ್ಲಿ ಪೊಲೀಸ್ ಪ್ರಕರಣಗಳ ಶವಗಳು ನ್ಯಾಯವೈದ್ಯ ವಿಭಾಗಕ್ಕೆ ಹೋಗುತ್ತವೆ. ಉಳಿದವಕ್ಕೆ ಮನೆಯವರ ಒಪ್ಪಿಗೆ ಸಿಗುವುದು ಕಷ್ಟ. ಬೆಂಗಳೂರಿನ ಮಿದುಳು-ನರರೋಗಗಳ ಸಂಸ್ಥೆ ನಿಮ್ಹಾನ್ಸ್ ಮಿದುಳಿನ ಭಂಡಾರ ಕಟ್ಟಿ ಈ ಕೊರತೆಯನ್ನು ತನ್ನ ಕ್ಷೇತ್ರದ ಮಟ್ಟಿಗೆ ತುಂಬಿಕೊಂಡಿದೆ.

ಈಗ ಇಡೀ ಸ್ಲೈಡನ್ನು ಸ್ಕ್ಯಾನ್ ಮಾಡಿ ಪರದೆಗೆ ತರಬಹುದು. ಅದರಿಂದ ರೋಗನಿರ್ಣಯ ಮಾಡಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಮೊದಲ ಸಲ ಒಪ್ಪಿತು. ಅಪರೂಪದ ಗಡ್ಡೆಯೊಂದನ್ನು ಹತ್ತೂರಿನ ವಿದ್ಯಾರ್ಥಿಗಳು ಏಕಕಾಲಕ್ಕೆ ನೋಡಬಹುದು. ಪರದೆ ಕಲಿಸಲಾರದ್ದು ಗ್ರಾಸಿಂಗ್, ಅಂದರೆ ಕತ್ತರಿಸಿ ತಂದ ಅಂಗದ ಯಾವ ಜಾಗದಿಂದ ತುಣುಕು ತೆಗೆಯಬೇಕೆಂಬ ವಿವೇಕ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಕನಿಷ್ಠ 12 ದುಗ್ಧಗ್ರಂಥಿಗಳನ್ನಾದರೂ ಪರೀಕ್ಷಿಸಬೇಕೆಂಬುದು ರೂಢಿ. ಹಳದಿ ಕೊಬ್ಬಿನಲ್ಲಿ ಹುದುಗಿದ ಅವುಗಳನ್ನು ವಿದ್ಯಾರ್ಥಿ ಬೆರಳಿನಿಂದ ತಡವಿಯೇ ಹುಡುಕಬೇಕು.