ಇನ್ನೊಬ್ಬ ಚಂದ್ರಶೇಖರ್, ಇನ್ನೊಂದು ಮಿತಿ

ಚಂದ್ರಶೇಖರ್ ಮಿತಿ ಎಂದೊಡನೆ ವಿಜ್ಞಾನ ಓದಿದವರಿಗೆ ನೆನಪಾಗುವುದು ನಕ್ಷತ್ರಗಳು. ಶ್ವೇತಕುಬ್ಜ ತಾರೆಯ ರಾಶಿ ಸೂರ್ಯನ ಸುಮಾರು 1.4 ಪಟ್ಟು ಮೀರಲಾರದೆಂದು ತೋರಿಸಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ 1983ರಲ್ಲಿ ನೊಬೆಲ್ ಬಂತು. ಇದೇ ಹೆಸರಿನ ಇನ್ನೊಂದು ಮಿತಿಯೂ ಇದೆ. ಅದು ಆಕಾಶದ್ದಲ್ಲ, ಕಡುಚಳಿಯದು. ಅದರ ಕರ್ತೃ ಬೆಳ್ಳೂರು ಶಿವರಾಮಯ್ಯ ಚಂದ್ರಶೇಖರ್. ಹೆಸರಿನಲ್ಲೇ ಕನ್ನಡ ಇದ್ದರೂ ಕನ್ನಡಿಗರಲ್ಲಿ ಅವರ ಹೆಸರು ಕೇಳಿದವರು ಕಡಿಮೆ. (ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದ್ರವಸ್ಫಟಿಕಗಳಿಂದ ಖ್ಯಾತರಾದ ಚಂದ್ರಶೇಖರ್ ಮೂರನೆಯವರು!)

ಕಮಲಾಪುರದ ಬಳಿಯ ಹಂಪಿ ಪವರ್‌ಹೌಸಿನಿಂದ ಹೊರಟ ವಿದ್ಯುತ್ತಿನ ಒಂದು ಪಾಲು ದಾರಿಯಲ್ಲೇ ತಂತಿಯ ಬಿಸಿಯಾಗಿ ಸೋರಿಹೋಗುತ್ತದೆ. ತಂತಿಯ ಪ್ರತಿರೋಧವೇ ಇದಕ್ಕೆ ಕಾರಣ. ಆದರೆ ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪಾಗಿಸಿದಾಗ ಈ ಪ್ರತಿರೋಧ ಮಾಯವಾಗುವುದನ್ನು 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಕಂಡರು. ಇದೇ ಅತಿವಾಹಕತೆ. ಇಂಥ ತಂತಿ ಸುತ್ತಿ ಭಾರಿ ಅಯಸ್ಕಾಂತ ಮಾಡಬಹುದಲ್ಲ ಎಂಬ ಆಸೆ ಹುಟ್ಟಿತು. ಅಡ್ಡಿ ಎಂದರೆ, ಕಾಂತಕ್ಷೇತ್ರ ಜೋರಾದರೆ ಅತಿವಾಹಕತೆಯೇ ಸಾಯುತ್ತದೆ.

ಚಂದ್ರಶೇಖರ್ ಮೂಲತಃ ಪ್ರಯೋಗಶಾಲೆಯವರು. ಆಕ್ಸ್‌ಫರ್ಡಿನಲ್ಲಿ ಕರ್ಟ್ ಮೆಂಡೆಲ್ಸನ್ ಜೊತೆ ದ್ರವ ಹೀಲಿಯಂ ಅಧ್ಯಯನ ಮಾಡಿದರು. ತೀರಾ ತಂಪಾದ ಹೀಲಿಯಂ ತೆಳುಪೊರೆಯಾಗಿ ಪಾತ್ರೆಯ ಗೋಡೆ ಹತ್ತಿ ಹೊರಗಿಳಿದುಬಿಡುತ್ತದೆ! ಮುಂದೆ ಅವರು ಅಮೆರಿಕದ ವೆಸ್ಟಿಂಗ್‌ಹೌಸ್ ಪ್ರಯೋಗಾಲಯ ಸೇರಿದರು. ಅವರ ಹೆಸರು ಉಳಿಸಿದ್ದು ಮಾತ್ರ ಕಾಗದದ ಮೇಲಿನ ಒಂದು ಲೆಕ್ಕ. 1962ರಲ್ಲಿ, ಅದೇ ವರ್ಷ ಆರಂಭವಾಗಿದ್ದ 'ಅಪ್ಲೈಡ್ ಫಿಸಿಕ್ಸ್ ಲೆಟರ್ಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಬರೀ ಎರಡು ಪುಟ.

ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಚಲಿಸುತ್ತವೆಂದು 1957ರಲ್ಲಿ ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ವಿವರಿಸಿದ್ದರು. ಪ್ರತಿ ಎಲೆಕ್ಟ್ರಾನೂ ಪುಟ್ಟ ಅಯಸ್ಕಾಂತ; ಜೋಡಿಯಲ್ಲಿ ಒಂದರ ಮುಖ ಮೇಲೆ, ಇನ್ನೊಂದರದು ಕೆಳಗೆ. ಹೊರಗಿನ ಕಾಂತಕ್ಷೇತ್ರ ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಲು ಎಳೆಯುತ್ತದೆ. ತಿರುಗಿದರೆ ಸಿಗುವ ಶಕ್ತಿಯ ಲಾಭ ಜೋಡಿಯಾಗಿರುವ ಲಾಭವನ್ನು ಮೀರಿದಾಗ ಜೋಡಿ ಮುರಿಯುತ್ತದೆ. ಲೆಕ್ಕದ ಪ್ರಕಾರ, ವಸ್ತು ಅತಿವಾಹಕವಾಗುವ ತಾಪಮಾನದ ಪ್ರತಿ ಕೆಲ್ವಿನ್‌ಗೆ ಸುಮಾರು 1.84 ಟೆಸ್ಲಾ. 10 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ ಲೋಹಕ್ಕೆ 18 ಟೆಸ್ಲಾ ದಾಟಿದರೆ ಕಷ್ಟ. ಬೆಲ್ ಪ್ರಯೋಗಾಲಯದ ಕ್ಲಾಗ್‌ಸ್ಟನ್ ಕೂಡ ಅದೇ ವರ್ಷ ಬೇರೆಯಾಗಿಯೇ ಇದನ್ನು ಕಂಡುಕೊಂಡಿದ್ದರಿಂದ ಇದು ಚಂದ್ರಶೇಖರ್-ಕ್ಲಾಗ್‌ಸ್ಟನ್ ಮಿತಿ.

ನಂತರ ಅವರು ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ವಸ್ತುಗಳ ಗುಣಗಳ ಬಗ್ಗೆ ಜನಸಾಮಾನ್ಯರಿಗಾಗಿ ಪುಸ್ತಕವನ್ನೂ ಬರೆದರು.

ಮಿತಿಯನ್ನು ಮೀರುವ ವಸ್ತುಗಳೂ ಇವೆ. 2019ರಲ್ಲಿ ವರದಿಯಾದ ಯುರೇನಿಯಂ ಡೈಟೆಲ್ಯುರೈಡ್ ಸುಮಾರು 1.6 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ಲೆಕ್ಕದಂತೆ ಅದು 3 ಟೆಸ್ಲಾಕ್ಕೇ ಸೋಲಬೇಕು. ಒಂದು ದಿಕ್ಕಿನಲ್ಲಿ ಅದು 35 ಟೆಸ್ಲಾದವರೆಗೆ ತಡೆಯಿತು. ಅದರ ಎಲೆಕ್ಟ್ರಾನ್ ಜೋಡಿಗಳು ವಿರುದ್ಧ ಮುಖದವಲ್ಲ, ಒಂದೇ ಮುಖದವು ಇರಬೇಕೆಂದು ವಿಜ್ಞಾನಿಗಳು ಊಹಿಸಲು ಒಂದು ಮುಖ್ಯ ಕಾರಣ, ಅದು 1962ರ ಆ ಗೆರೆ ದಾಟಿದ್ದು.