ಬೆಳ್ಳಿತೆರೆಯ ಧರ್ಮಪ್ರಚಾರಕರೂ ಚರಿತ್ರೆಯ ವಿಶ್ವಾಸಿಗಳೂ

ಧರ್ಮಪ್ರಚಾರಕ ಗುರುಗಳ ಜೀವನವು ಚಲನಚಿತ್ರ ನಿರ್ಮಾಪಕರನ್ನು ಬಹುಕಾಲದಿಂದಲೂ ಆಕರ್ಷಿಸಿದೆ. 1944ರ ‘ದಿ ಕೀಸ್ ಆಫ್ ದಿ ಕಿಂಗ್ಡಮ್’ ಚಿತ್ರದಲ್ಲಿ ಗ್ರೆಗರಿ ಪೆಕ್ ಅವರು ಚೀನಾ ದೇಶದಲ್ಲಿ ಸೇವೆಗೈದ ಗುರುವೊಬ್ಬರ ಪಾತ್ರವನ್ನು ವಹಿಸಿದ್ದರು. ಅಂದಿನ ಚಿತ್ರಗಳಲ್ಲಿ ಗುರುಗಳು ಬಹುಮಟ್ಟಿಗೆ ತ್ಯಾಗಮೂರ್ತಿಗಳು. ವಸಾಹತುಶಾಹಿಯ ಅನ್ಯಾಯಗಳು ಬೆಳಕಿಗೆ ಬಂದಂತೆ, ಅದೇ ಗುರುಗಳು ಸಾಮ್ರಾಜ್ಯದ ಬಾಲಂಗೋಚಿಗಳಾಗಿಯೂ ಚಿತ್ರಿತರಾದರು. ಈ ಎರಡು ಅತಿಗಳ ನಡುವೆ ನಿಂತು ಗಂಭೀರವಾಗಿ ಚಿಂತಿಸಿದ ಎರಡು ಚಿತ್ರಗಳನ್ನು ಚರಿತ್ರೆಯ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.

ಮೊದಲನೆಯದು, 1986ರಲ್ಲಿ ರೋಲಂಡ್ ಜೋಫೆಯವರು ನಿರ್ದೇಶಿಸಿದ, ಕಾನ್ ಚಲನಚಿತ್ರೋತ್ಸವದ ಪರಮೋಚ್ಚ ಪ್ರಶಸ್ತಿ ಪಡೆದ ‘ದಿ ಮಿಷನ್’. ದಕ್ಷಿಣ ಅಮೆರಿಕದ ಗ್ವಾರಾನಿ ಜನರ ನಡುವೆ ಯೇಸುಸಭೆಯ ಗುರುಗಳು ಕಟ್ಟಿದ ಗ್ರಾಮಗಳು 1750ರ ಮ್ಯಾಡ್ರಿಡ್ ಒಪ್ಪಂದದಿಂದ ನಾಶವಾದ ಕಥೆ ಇದರದು. ಅಂತ್ಯದಲ್ಲಿ ಒಬ್ಬ ಗುರು ಪರಮ ಪ್ರಸಾದವನ್ನು ಎತ್ತಿ ಹಿಡಿದು ಗುಂಡುಗಳಿಗೆ ಎದುರಾಗುತ್ತಾರೆ. ಹಿಂದೆ ಗುಲಾಮರ ವ್ಯಾಪಾರಿಯಾಗಿದ್ದ ಮತ್ತೊಬ್ಬರು ಕತ್ತಿ ಹಿಡಿದು ಮಡಿಯುತ್ತಾರೆ. ಕಂಡವರ ಕಣ್ಣು ಒದ್ದೆಯಾಗದಿರದು.

ಚಿತ್ರದ ಆತ್ಮ ಸತ್ಯವಾದುದು. 1609ರಲ್ಲಿ ಆರಂಭವಾದ ಈ ಗ್ರಾಮಗಳು ಕ್ರಮೇಣ ಮೂವತ್ತಾದವು; ಗುಲಾಮಗಿರಿಯಿಂದ ಸಹಸ್ರಾರು ಜನರಿಗೆ ಆಶ್ರಯವಾದವು; ಸಂಗೀತ, ಶಿಲ್ಪ, ಮುದ್ರಣ ಅಲ್ಲಿ ಅರಳಿದವು. ಆದರೆ ಚಿತ್ರದಲ್ಲಿ ನಿರ್ಣಾಯಕ ಮಾತುಗಳನ್ನೆಲ್ಲ ಆಡುವವರು ಯುರೋಪಿಯನ್ನರು. ಚರಿತ್ರೆ ಹೇಳುವುದು ಬೇರೆ. ಏಳು ಗ್ರಾಮಗಳ ಸುಮಾರು 30,000 ಜನರು ಊರು ತೊರೆಯಬೇಕೆಂಬ ಆಜ್ಞೆ ಬಂದಾಗ, 1753ರಲ್ಲಿ ಗ್ವಾರಾನಿ ಮುಖಂಡರೇ ತಮ್ಮ ಭಾಷೆಯಲ್ಲಿ ಬ್ಯೂನಸ್ ಐರಿಸ್‌ನ ರಾಜ್ಯಪಾಲನಿಗೆ ಪ್ರತಿಭಟನಾ ಪತ್ರಗಳನ್ನು ಬರೆದರು. ಪ್ರತಿರೋಧದ ನಾಯಕ ಸೆಪೆ ತಿಯಾರಾಜು ಅವರವನೇ. 1756ರ ಫೆಬ್ರವರಿ 7ರಂದು ಅವನು ಹತನಾದ. ಮೂರೇ ದಿನಗಳಲ್ಲಿ ಕಾಯ್ಬೊಯಾತೆಯ ರಣರಂಗದಲ್ಲಿ ಸುಮಾರು 1,500 ಗ್ವಾರಾನಿಗಳು ಪ್ರಾಣ ತೆತ್ತರು. ಇನ್ನು ಚಿತ್ರದ ಕಾರ್ಡಿನಲ್ ಆಲ್ತಮಿರಾನೊ, ಚರಿತ್ರೆಯಲ್ಲಿ ಕಾರ್ಡಿನಲ್ ಅಲ್ಲ. ಆಜ್ಞಾಪಾಲನೆಗಾಗಿ ಯೇಸುಸಭೆಯ ಮುಖ್ಯಸ್ಥರೇ ಕಳುಹಿಸಿದ ಅದೇ ಸಭೆಯ ಗುರು. ಗಾಯ ಒಳಗಿನಿಂದಲೂ ಬಂದಿತ್ತೆಂಬ ಈ ಕಹಿಸತ್ಯವನ್ನು ನಾವು ಮರೆಮಾಚಬೇಕಾಗಿಲ್ಲ.

ಎರಡನೆಯದು, ಕಥೋಲಿಕ ಸಾಹಿತಿ ಶುಸಾಕು ಎಂಡೊ ಅವರ 1966ರ ಕಾದಂಬರಿಯನ್ನು ಆಧರಿಸಿ 2016ರಲ್ಲಿ ಮಾರ್ಟಿನ್ ಸ್ಕೋರ್ಸೆಸೆಯವರು ನಿರ್ದೇಶಿಸಿದ ‘ಸೈಲೆನ್ಸ್’. ಸಂತ ಫ್ರಾನ್ಸಿಸ್ ಜೇವಿಯರರು 1549ರಲ್ಲಿ ಜಪಾನಿನಲ್ಲಿ ಬಿತ್ತಿದ ವಿಶ್ವಾಸವು 1614ರಲ್ಲಿ ನಿಷೇಧಕ್ಕೊಳಗಾಯಿತು. 1633ರಲ್ಲಿ ಚಿತ್ರಹಿಂಸೆ ತಾಳಲಾರದೆ ಯೇಸುಸಭೆಯ ಫೆರೇರಾ ಎಂಬ ಗುರು ಧರ್ಮತ್ಯಾಗ ಮಾಡಿದರು. ಅವರನ್ನು ಅರಸಿ ಹೋದ ಕಿರಿಯ ಗುರುವೊಬ್ಬರ ಅಗ್ನಿಪರೀಕ್ಷೆಯೇ ಚಿತ್ರದ ವಸ್ತು. ದೇವರೇಕೆ ಮೌನವಾಗಿದ್ದಾರೆಂಬ ಆ ಗುರುವಿನ ಪ್ರಶ್ನೆ ಕೊನೆಯವರೆಗೂ ನಮ್ಮನ್ನು ಕಾಡುತ್ತದೆ. ಸಮುದ್ರದ ಅಲೆಗಳ ನಡುವೆ ಶಿಲುಬೆಗೇರಿದ ಬಡ ರೈತರನ್ನೂ ನಿರ್ದೇಶಕರು ಮರೆತಿಲ್ಲ. ಜಪಾನಿನ ಕ್ರೈಸ್ತರಿಗೂ ಅವರ ಗುರುಗಳಿಗೂ ಚಿತ್ರವನ್ನು ಅರ್ಪಿಸಿದ್ದಾರೆ.

ಆದರೆ ಚಿತ್ರವು ಮುಗಿದ ಬಳಿಕವೇ ಆ ರೈತರ ಮಹಾಕಥೆ ಮುಂದುವರಿಯುತ್ತದೆ. 1865ರ ಮಾರ್ಚ್ 17ರಂದು ನಾಗಸಾಕಿಯ ಓವುರಾದಲ್ಲಿ ಹೊಸದಾಗಿ ಕಟ್ಟಿದ ದೇವಾಲಯಕ್ಕೆ ಉರಕಾಮಿ ಗ್ರಾಮದ ಕೆಲವರು ಬಂದರು. ಅವರಲ್ಲೊಬ್ಬ ಮಹಿಳೆ ಪೆಟಿಜಾನ್ ಗುರುಗಳ ಬಳಿ ಸಾರಿ, ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ಮೆಲ್ಲನೆ ನುಡಿದು, ದೇವಮಾತೆಯ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಇನ್ನೂರು ವರ್ಷಗಳಿಗೂ ಮೀರಿ ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ, ಅವರ ಮನೆತನಗಳು ವಿಶ್ವಾಸವನ್ನು ಕಾಪಾಡಿಕೊಂಡಿದ್ದವು! ಊರಿನಲ್ಲಿ ಒಬ್ಬನು ಹಬ್ಬದ ದಿನಗಳ ಪಂಚಾಂಗವನ್ನು ನೋಡಿಕೊಂಡರೆ, ಮತ್ತೊಬ್ಬನು ಮಕ್ಕಳಿಗೆ ಜ್ಞಾನಸ್ನಾನ ನೀಡುತ್ತಿದ್ದನು.

ಗ್ವಾರಾನಿ ಗ್ರಾಮಗಳಿಗೆ ಈ ಭಾಗ್ಯ ಲಭಿಸಲಿಲ್ಲ. 1767ರಲ್ಲಿ ಸ್ಪೇನ್ ದೊರೆಯು ಯೇಸುಸಭೆಯನ್ನು ಹೊರಗಟ್ಟಿದ ಮೇಲೆ ಅವು ಬೇಗನೆ ಕ್ಷೀಣಿಸಿದವು. ಪರಾಡಳಿತದ ಲೋಭ ಅದಕ್ಕೆ ಮುಖ್ಯ ಕಾರಣ, ನಿಜ. ಆದರೆ ಒಂದೂವರೆ ಶತಮಾನದ ಪ್ರೀತಿಯ ದುಡಿಮೆಯ ನಂತರವೂ ಅಲ್ಲಿ ಸ್ಥಳೀಯ ಗುರುವರ್ಗ ರೂಪುಗೊಂಡಿರಲಿಲ್ಲ. ತಂದೆಯಂತೆ ಪೊರೆದವರು ಮಕ್ಕಳನ್ನು ಮಕ್ಕಳಾಗಿಯೇ ಉಳಿಸಿದ್ದರು. ಜಪಾನಿನಲ್ಲಾದರೋ ಶ್ರೀಸಾಮಾನ್ಯ ಉಪದೇಶಿಗಳೂ ಭಕ್ತ ಸಂಘಗಳೂ ಮೊದಲಿನಿಂದಲೇ ಬೇರೂರಿದ್ದವು.

ನಮ್ಮ ನಾಡಿಗೂ ಈ ಚರಿತ್ರೆಗೂ ನಂಟುಂಟು. ಗ್ವಾರಾನಿಗಳ ನಡುವೆ ದುಡಿದ ಅದೇ ಯೇಸುಸಭೆಯ ಚಿನ್ನಾಮಿ ಗುರುಗಳು 17ನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಮೈಸೂರು ಸೀಮೆಯಲ್ಲಿ ಸೇವೆಯನ್ನಾರಂಭಿಸಿದರು. 1773ರಲ್ಲಿ ಜಗದ್ಗುರುಗಳು ಆ ಸಭೆಯನ್ನು ರದ್ದುಗೊಳಿಸಿದಾಗ ಇಲ್ಲಿಯೂ ಗುರುಗಳ ಅಭಾವ ತಲೆದೋರಿತು. 1799ರ ಬಳಿಕ ಅಬ್ಬೆ ದ್ಯುಬುವಾ ಗುರುಗಳು ಬಂದಾಗ ಅವರಿಗೆ ಇಲ್ಲಿ ದೊರೆತದ್ದು ಬರಿಯ ಭೂಮಿಯಲ್ಲ; ಸಂಕಟದ ನಡುವೆಯೂ ವಿಶ್ವಾಸ ಬಿಡದಿದ್ದ ಕುಟುಂಬಗಳು. ಆ ದ್ಯುಬುವಾ ಅವರೂ ನಾಗಸಾಕಿಯ ಪೆಟಿಜಾನ್ ಅವರೂ ಒಂದೇ ಪ್ಯಾರಿಸ್ ವಿದೇಶ ಧರ್ಮಪ್ರಚಾರಕ ಸಂಸ್ಥೆಯವರು.

ಚಲನಚಿತ್ರಕ್ಕೆ ನಾಯಕನೊಬ್ಬ ಬೇಕು. ಆದ್ದರಿಂದ ಅದು ಗುರುವಿನ ಮುಖವನ್ನೇ ನೋಡುತ್ತದೆ. ಅದನ್ನು ದೂಷಿಸುವುದು ಸಲ್ಲದು. ಆದರೆ ಶತಮಾನೋತ್ಸವದ ಸಂಭ್ರಮದಲ್ಲಿ ನಾವೂ ಹಾಗೆಯೇ ನೋಡಿದರೆ ಸಾಲದು. ಈ ಸಂಚಿಕೆಯಲ್ಲಿ ಗುರುಗಳ ಭಾವಚಿತ್ರಗಳು ಸಾಲಾಗಿ ಅಚ್ಚಾಗುವುದು ವಾಡಿಕೆ. ಭಾವಚಿತ್ರವಿಲ್ಲದ ಅಜ್ಜಿಯರು, ಉಪದೇಶಿಗಳು, ಕಲ್ಲು ಹೊತ್ತ ಕೂಲಿಗಳು ಮಕ್ಕಳ ತುಟಿಗೆ ಜಪವನ್ನು ಕಲಿಸಿರದಿದ್ದರೆ ಆ ಸಾಲಿಗೆ ಅರ್ಥವಿರುತ್ತಿರಲಿಲ್ಲ. ನಾಳೆ ಗುರುಗಳಿಲ್ಲದ ಕಾಲವೊಂದು ಬಂದರೆ ನಮ್ಮ ಮನೆಗಳಲ್ಲಿ ಏನು ಉಳಿದೀತು? ಪ್ರಿಯ ವಿಶ್ವಾಸಿಗಳೇ, ಈ ಪ್ರಶ್ನೆಗೆ ಪ್ರತಿ ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಉತ್ತರವನ್ನು ಸಿದ್ಧಪಡಿಸೋಣ. ಪ್ರಭು ಕ್ರಿಸ್ತರು ನಮ್ಮೆಲ್ಲರನ್ನು ಹರಸಲಿ.