ಜೋಡಿ ಹಿಂಚಕ್ರದ ಪಿಕಪ್ ಟ್ರಕ್‌ನ ಟೈರುಗಳು
ಫೋರ್ಡ್ ಎಫ್-350, ರಾಮ್ 3500, ಶೆವರ್ಲೆ ಸಿಲ್ವರಾಡೊ 3500ಎಚ್‌ಡಿ ಮುಂತಾದ ಅಮೆರಿಕದ ಭಾರೀ ಪಿಕಪ್‌ಗಳ ಒಂದು ಮಾದರಿಯಲ್ಲಿ ಹಿಂಬದಿಯ ಪ್ರತಿ ಪಕ್ಕಕ್ಕೂ ಎರಡೆರಡು ಚಕ್ರಗಳಿದ್ದು, ಒಟ್ಟು ಆರು ಟೈರುಗಳು ಬೇಕಾಗುತ್ತವೆ. ದೊಡ್ಡ ಟ್ರೇಲರ್ ಎಳೆಯುವವರು ಇವುಗಳನ್ನು ಬಳಸುತ್ತಾರೆ.

ಟೈರು ಆರಿಸುವಾಗ ಮೊದಲು ನೋಡಬೇಕಾದದ್ದು ಭಾರ ಹೊರುವ ಸಾಮರ್ಥ್ಯ. ಎಲ್‌ಟಿ235/80ಆರ್17 ಅಳತೆಯ, ‘ಇ’ ಭಾರಶ್ರೇಣಿಯ ಟೈರಿನ ಮೇಲೆ 120/117 ಎಂಬ ಸೂಚ್ಯಂಕ ಇರುತ್ತದೆ: ಒಂಟಿಯಾಗಿ 1400 ಕೆ.ಜಿ., ಜೋಡಿಯಲ್ಲಿ ತಲಾ 1285 ಕೆ.ಜಿ. ಜೋಡಿಯ ಟೈರುಗಳು ಭಾರವನ್ನು ಎಂದೂ ಸರಿಸಮನಾಗಿ ಹಂಚಿಕೊಳ್ಳುವುದಿಲ್ಲ, ಬಿಸಿಯೂ ಹೆಚ್ಚು. ಆದ್ದರಿಂದಲೇ ಈ ಕಡಿತ. ಕಾರಿನ ಟೈರು ಇಲ್ಲಿ ಸಲ್ಲದು.

ಜೋಡಿಯ ಎರಡೂ ಟೈರುಗಳ ವ್ಯಾಸ ಒಂದೇ ಇರಬೇಕು. ಹೊಸದರ ಪಕ್ಕ ಸವೆದದ್ದನ್ನು ಹಾಕಿದರೆ ದೊಡ್ಡದು ಹೆಚ್ಚು ಭಾರ ಹೊತ್ತು ಕಾಯುತ್ತದೆ, ಚಿಕ್ಕದು ರಸ್ತೆಗೆ ಉಜ್ಜಿ ಬೇಗ ಸವೆಯುತ್ತದೆ. ನೋಟಕ್ಕೆಂದು ಅಗಲದ ಟೈರು ಹಾಕಿಸುವುದು ಇನ್ನೂ ಅಪಾಯಕರ: ಭಾರ ಬಿದ್ದಾಗ ಎರಡರ ಪಕ್ಕೆಗಳು ತಾಗಿ, ಬಿಸಿಯೇರಿ ಸಿಡಿಯಬಹುದು.

ಹೆದ್ದಾರಿಯಲ್ಲೇ ಓಡುವ ಗಾಡಿಗೆ ಉದ್ದಗೆರೆಯ ಟ್ರೆಡ್ ಸಾಕು. ಹಿಮ, ಕೆಸರಿನಲ್ಲಿ ಓಡುವುದಕ್ಕೆ ಒರಟು ಟ್ರೆಡ್ ಬೇಕು. ಅದರ ಸದ್ದು ಜಾಸ್ತಿ.

ಒಳ ಟೈರಿನ ಗಾಳಿ ಪರೀಕ್ಷಿಸುವುದು ಕಷ್ಟ, ಹಾಗಾಗಿ ನಿರ್ಲಕ್ಷ್ಯಕ್ಕೆ ಗುರಿಯಾಗುವುದೂ ಅದೇ. ಅದು ಪಂಚರ್ ಆದರೂ ಹೊರಗಿನದು ಗಾಡಿಯನ್ನು ಹಿಡಿದಿಡುವುದರಿಂದ ಚಾಲಕನಿಗೆ ತಿಳಿಯದೆ ಹೋಗಬಹುದು. ವಾಲ್ವ್‌ಗೆ ಗಟ್ಟಿಯಾದ ಲೋಹದ ಉದ್ದನಳಿಗೆ ಹಾಕಿಸಿದರೆ ತಪಾಸಣೆ ಸುಲಭ.